ಬ್ಯಾಂಕಾಕ್ ನೋಡುವ ಕ್ರಮ: ಬಿಸಿಲೇರುವ ಮುನ್ನ ದೇಗುಲ, ದೀಪ ಹತ್ತಿದ ಮೇಲೆ ಬೀದಿ

ಬ್ಯಾಂಕಾಕಿನ ದೊಡ್ಡ ಅರಮನೆಯ ಅಂಗಳದಲ್ಲಿ ನಡುಮಧ್ಯಾಹ್ನ ನಿಂತಿರುವ ನಮ್ಮ ಕಡೆಯ ಕುಟುಂಬಗಳನ್ನು ನಾನು ಹೋದಾಗಲೆಲ್ಲ ಕಂಡಿದ್ದೇನೆ. ಮಕ್ಕಳು ನೆರಳು ಹುಡುಕುತ್ತ ಕಂಬದ ಬುಡಕ್ಕೆ ಅಂಟಿಕೊಂಡಿರುತ್ತಾರೆ, ಅಜ್ಜಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿರುತ್ತಾರೆ, ಹೋಟೆಲಿಗೆ ಹಿಂತಿರುಗುವ ಮಾತು ಆಗಲೇ ಶುರುವಾಗಿರುತ್ತದೆ. ಅವರು ಬಂದ ಜಾಗ ಸರಿಯಾದದ್ದೇ, ಬಂದ ಹೊತ್ತು ಮಾತ್ರ ತಪ್ಪು. ಬ್ಯಾಂಕಾಕ್ ದಿನಕ್ಕೆ ಎರಡು ಸಲ ಬಾಗಿಲು ತೆರೆಯುವ ಊರು: ಮುಂಜಾನೆಯಿಂದ ಸುಮಾರು ಹತ್ತೂವರೆಯವರೆಗೆ ಒಮ್ಮೆ, ಸಂಜೆ ಐದರಿಂದ ನಡುರಾತ್ರಿಯವರೆಗೆ ಇನ್ನೊಮ್ಮೆ. ನಡುವಿನ ಹೊತ್ತನ್ನು ತಣ್ಣಗಿನ ಕಟ್ಟಡಕ್ಕೋ ನಿದ್ದೆಗೋ ಬಿಟ್ಟುಕೊಟ್ಟವರಿಗೆ ನಾಲ್ಕು ದಿನಗಳಲ್ಲಿ ಈ ಊರು ದಕ್ಕುತ್ತದೆ. ಇಲ್ಲಿ ಬರೆದಿರುವ ಕ್ರಮವೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಹೊರಡುವ ಮುನ್ನ

ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಅಲ್ಲಿ ಓಡಾಡಲು ಹಿತವಾದವು. ಏಪ್ರಿಲ್ ಅತಿ ಬಿಸಿಯ ತಿಂಗಳು. ಆದರೆ ಅದೇ ತಿಂಗಳ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಎಂಬ ನೀರೆರಚುವ ಹೊಸ ವರ್ಷದ ಹಬ್ಬ ನಡೆಯುತ್ತದೆ. ಆ ಹೆಸರು ನಮ್ಮ ಸಂಕ್ರಾಂತಿಯೇ, ಸೂರ್ಯ ಮೇಷಕ್ಕೆ ಬರುವ ದಿನದ ಹಬ್ಬ. ನಮ್ಮ ಕರಾವಳಿಯಲ್ಲಿ ಬಿಸು ಆಚರಿಸುವ ದಿನಗಳೂ ಅವೇ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮಳೆಗಾಲವಿದ್ದು, ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ರಸ್ತೆಗಳಲ್ಲಿ ನೀರು ನಿಲ್ಲುವುದುಂಟು.

ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕು ಗಂಟೆಯೊಳಗಿನ ಪಯಣ, ಗಡಿಯಾರವನ್ನು ಒಂದೂವರೆ ಗಂಟೆ ಮುಂದಿಟ್ಟುಕೊಳ್ಳಬೇಕು. ಭಾರತೀಯರಿಗೆ ವೀಸಾ ವಿನಾಯಿತಿ ಆರಂಭವಾದದ್ದು 2023ರ ನವೆಂಬರಿನಲ್ಲಿ. ಅದರ ಅವಧಿ ಮತ್ತು ನಿಯಮಗಳು ಆಗಾಗ ಪರಿಷ್ಕರಣೆಯಾಗುತ್ತವೆಯಾದ್ದರಿಂದ ಟಿಕೆಟ್ ಕೊಳ್ಳುವ ದಿನವೇ ಥಾಯ್ ರಾಯಭಾರ ಕಚೇರಿಯ ಜಾಲತಾಣವನ್ನು ನೋಡುವುದು ಕ್ಷೇಮ. 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರವನ್ನು ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ ತುಂಬಬೇಕೆಂಬ ನಿಯಮ ಬಂದಿದೆ. ಇದಕ್ಕೆ ಶುಲ್ಕವಿಲ್ಲ, ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿದು ಮುಚ್ಚಿಬಿಡಿ.

ಒಂದು ಬಾತ್ ಎಂದರೆ ಸುಮಾರು ಎರಡೂವರೆಯಿಂದ ಮೂರು ರೂಪಾಯಿ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಅಂಗಡಿಯ ಮುಂದೆ ತೊದಲಬೇಕಾಗಿಲ್ಲ. ಅಲ್ಲಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲವೂ 200 ಬಾತಿಗಿಂತ ಹೆಚ್ಚು ಶುಲ್ಕ ಕಡಿಯುವುದರಿಂದ, ಹಣ ತೆಗೆಯುವುದಾದರೆ ಒಮ್ಮೆಗೇ ತೆಗೆಯಿರಿ. ಬೀದಿಯ ಊಟಕ್ಕೆ, ದೋಣಿಗೆ, ದೇಗುಲದ ಟಿಕೆಟಿಗೆ ನಗದು ಬೇಕೇ ಬೇಕು. ಬಟ್ಟೆಯ ವಿಷಯದಲ್ಲಿ ಒಂದೇ ಮಾತು: ಭುಜ ಮತ್ತು ಮೊಣಕಾಲು ಮುಚ್ಚುವ ತೆಳುವಾದ ಹತ್ತಿಯ ಉಡುಪು ಎರಡು ಜೊತೆ ಇರಲಿ. ಸುಲಭವಾಗಿ ಕಳಚುವ ಚಪ್ಪಲಿ ಇರಲಿ, ಏಕೆಂದರೆ ಒಂದು ಬೆಳಗಿನಲ್ಲಿ ಏಳೆಂಟು ಸಲ ಅದನ್ನು ಬಿಡಬೇಕಾಗುತ್ತದೆ.

ತಂಗುದಾಣ ಮತ್ತು ಓಡಾಟ

ಮೊದಲ ಸಲ ಹೋಗುವವರು ಎರಡು ರೈಲು ಮಾರ್ಗಗಳು ಕೂಡುವ ಜಾಗದ ಬಳಿ ತಂಗಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮೇಲೆ ಓಡುವ ಬಿಟಿಎಸ್ ರೈಲು 1999ರ ಡಿಸೆಂಬರಿನಲ್ಲಿ ಆರಂಭವಾದದ್ದು. ಹೆಚ್ಚಾಗಿ ನೆಲದಡಿ ಓಡುವ ಎಂಆರ್‌ಟಿ 2004ರಲ್ಲಿ ಬಂತು. ಇವೆರಡೂ ಆಸೋಕ್‌ನಲ್ಲಿ ಒಂದು ಕಡೆ, ಸೀಲೊಂನಲ್ಲಿ ಇನ್ನೊಂದು ಕಡೆ ಹತ್ತಿರ ಬರುತ್ತವೆ. ಈ ಎರಡು ಜಾಗಗಳಲ್ಲಿ ಯಾವುದರ ಬಳಿ ಕೋಣೆ ಹಿಡಿದರೂ ಹಳೆಯ ಊರಿಗೂ ಹೊಸ ಊರಿಗೂ ವಾಹನ ದಟ್ಟಣೆಯ ತಂಟೆಯಿಲ್ಲದೆ ಹೋಗಬಹುದು. ಬಿಟಿಎಸ್ ಟಿಕೆಟ್ ಎಂಆರ್‌ಟಿಯಲ್ಲಿ ನಡೆಯುವುದಿಲ್ಲವೆಂಬುದನ್ನು ನೆನಪಿಡಿ. ಎಂಆರ್‌ಟಿಯಲ್ಲಿ ತಾಗಿಸಿ ಹಣ ಕೊಡುವ ವೀಸಾ ಅಥವಾ ಮಾಸ್ಟರ್‌ಕಾರ್ಡನ್ನು ಗೇಟಿಗೇ ತೋರಿಸಿ ಒಳಗೆ ಹೋಗಬಹುದು. ಆ ಕಾರ್ಡಿನಲ್ಲಿ ವಿದೇಶಿ ಬಳಕೆಗೆ ಅನುಮತಿಯನ್ನು ಊರಲ್ಲಿರುವಾಗಲೇ ತೆರೆದಿಟ್ಟಿರಬೇಕು.

ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಊರಿಗೆ ಬರುವ ರೈಲು ಪಾಯಾ ಥಾಯ್ ನಿಲ್ದಾಣವನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುತ್ತದೆ, ದರ 45 ಬಾತ್. ಲಗೇಜು ಹೆಚ್ಚಿದ್ದರೆ ನೆಲಮಹಡಿಯ ಯಂತ್ರದಿಂದ ಚೀಟಿ ತೆಗೆದು ಮೀಟರ್ ಟ್ಯಾಕ್ಸಿ ಹಿಡಿಯಿರಿ; ಮೀಟರಿನ ಮೇಲೆ 50 ಬಾತ್ ಮತ್ತು ಟೋಲ್ ಕೊಡುವುದು ನ್ಯಾಯವಾದ ಲೆಕ್ಕವೇ. ಊರೊಳಗೆ ಮೀಟರ್ ಹಾಕಲು ಒಪ್ಪದ ಟ್ಯಾಕ್ಸಿಯವನೊಂದಿಗೆ ವಾದಕ್ಕಿಳಿಯದೆ ಮುಂದಿನದನ್ನು ಕರೆಯಿರಿ, ಇಲ್ಲವೇ ಗ್ರ್ಯಾಬ್ ಆ್ಯಪ್ ಬಳಸಿ.

ವಿಳಾಸ ಹುಡುಕುವ ಬಗೆ ನಮ್ಮ ಕ್ರಾಸು–ಮೇನುಗಳಂತೆಯೇ ಇದೆ. ಅಡ್ಡರಸ್ತೆಯನ್ನು ಸೋಯ್ ಎನ್ನುತ್ತಾರೆ. ದೊಡ್ಡ ರಸ್ತೆಯ ಒಂದು ಮಗ್ಗುಲಲ್ಲಿ ಬೆಸ ಸಂಖ್ಯೆಯ ಸೋಯ್‌ಗಳು, ಇನ್ನೊಂದರಲ್ಲಿ ಸಮ ಸಂಖ್ಯೆಯವು. ಆದರೆ ಎದುರುಬದುರಿನ ಅಂಕಿಗಳು ಒಂದಕ್ಕೊಂದು ಹೊಂದಿಕೊಂಡೇ ಇರಬೇಕೆಂದಿಲ್ಲ, ಅಂದಾಜಿನ ಮೇಲೆ ರಸ್ತೆ ದಾಟಿದರೆ ಕಿಲೋಮೀಟರುಗಟ್ಟಲೆ ನಡೆಯಬೇಕಾದೀತು.

ಇಷ್ಟಾದ ಮೇಲೂ ಈ ಊರಿನ ನಿಜವಾದ ಹೆದ್ದಾರಿ ಚಾವೋ ಫ್ರಾಯಾ ನದಿಯೇ. ಬಿಟಿಎಸ್‌ನ ಸಫಾನ್ ತಾಕ್ಸಿನ್ ನಿಲ್ದಾಣದಲ್ಲಿ ಇಳಿದರೆ ಕೆಳಗೇ ಸಾಥೊರ್ನ್ ದೋಣಿಕಟ್ಟೆ. ಅಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿದರೆ ಎಲ್ಲಿ ಇಳಿದರೂ ಒಂದೇ ದರ, 16 ಬಾತ್. ಪ್ರವಾಸಿಗಳಿಗಾಗಿಯೇ ಇರುವ ನೀಲಿ ಬಾವುಟದ ದೋಣಿ ಅದಕ್ಕಿಂತ ದುಬಾರಿ, ಸ್ವಲ್ಪ ನೆಮ್ಮದಿಯದು. ನಾನು ಕಿತ್ತಳೆಯನ್ನೇ ಹತ್ತುತ್ತೇನೆ. ಕಂಡಕ್ಟರ್ ಹೆಂಗಸು ಉದ್ದನೆಯ ತಗಡಿನ ಕೊಳವೆಯನ್ನು ಚಟಪಟ ಆಡಿಸುತ್ತ ಜನರ ನಡುವೆ ನುಸುಳಿ ಬರುತ್ತಾಳೆ. ಆ ಕೊಳವೆಯ ಒಂದು ಅಂಚಿನಲ್ಲಿ ಟಿಕೆಟು ಹರಿಯುತ್ತದೆ, ಹೊಟ್ಟೆಯಲ್ಲಿ ಚಿಲ್ಲರೆ ಕುಣಿಯುತ್ತದೆ. ಕಾವಿ ತೊಟ್ಟ ಭಿಕ್ಖುಗಳಿಗೆಂದು ಒಂದಿಷ್ಟು ಜಾಗ ಮೀಸಲಾಗಿರುತ್ತದೆ, ಅಲ್ಲಿ ನಿಲ್ಲಬೇಡಿ. ಹೆಂಗಸರು ಭಿಕ್ಖುಗಳನ್ನು ಮುಟ್ಟುವುದಾಗಲಿ, ಅವರ ಪಕ್ಕದಲ್ಲಿ ಕೂರುವುದಾಗಲಿ ಅಲ್ಲಿನ ಮರ್ಯಾದೆಗೆ ಸಲ್ಲದು.

ಮುಂಜಾನೆಯ ಹಳೆಯ ಊರು

ಈಗಿನ ಚಕ್ರಿ ವಂಶದ ಮೊದಲ ರಾಜ 1782ರಲ್ಲಿ ನದಿಯ ಈಚೆ ದಡದಲ್ಲಿ ರಾಜಧಾನಿ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ಬ್ಯಾಂಕಾಕ್ ಅಲ್ಲ. ಥಾಯ್ ಜನ ಇಂದಿಗೂ ಕ್ರುಂಗ್ ಥೇಪ್, ದೇವತೆಗಳ ನಗರ, ಎಂದೇ ಕರೆಯುತ್ತಾರೆ. ಪೂರ್ಣ ಹೆಸರು ಒಂದು ಉಸಿರಿಗೆ ಮುಗಿಯದಷ್ಟು ಉದ್ದವಿದ್ದರೂ ಕನ್ನಡ ಕಿವಿಗೆ ಅದು ಪೂರ್ತಿ ಪರಕೀಯವಲ್ಲ: ಮಹಾನಖೋನ್ ಎಂಬಲ್ಲಿ ಮಹಾನಗರ, ನೊಪ್ಪರತ್ ಎಂಬಲ್ಲಿ ನವರತ್ನ, ರಾಚಥಾನಿ ಎಂಬಲ್ಲಿ ರಾಜಧಾನಿ, ವಿಸ್ಸನುಕಮ್ ಎಂಬಲ್ಲಿ ವಿಶ್ವಕರ್ಮ ಅಡಗಿದ್ದಾನೆ. ಬೀದಿಯ ಫಲಕಗಳನ್ನು ಹೀಗೆ ಬಿಡಿಸಿ ಓದುವ ಅಭ್ಯಾಸ ಮಾಡಿಕೊಂಡರೆ ಊರು ಅರ್ಧ ಪರಿಚಯವಾದಂತೆಯೇ. ಅವರ ನಮಸ್ಕಾರದ ಮಾತಾದ ಸವಾದ್ದಿಯೂ ನಮ್ಮ ಸ್ವಸ್ತಿಯಿಂದ ಬಂದದ್ದು. ಗಂಡಸರು ಅದಕ್ಕೆ ಖ್ರಾಪ್ ಎಂದೂ ಹೆಂಗಸರು ಖಾ ಎಂದೂ ಸೇರಿಸಿ ಹೇಳಿದರೆ ಎದುರಿನವರ ಮುಖ ಅರಳುತ್ತದೆ.

ಅರಮನೆಯ ಬಾಗಿಲು ತೆರೆಯುವುದು ಎಂಟೂವರೆಗೆ. ಎಂಟೂಕಾಲಿಗೆ ಅಲ್ಲಿರಿ. ಟಿಕೆಟು 500 ಬಾತ್, ಮಧ್ಯಾಹ್ನ ಮೂರೂವರೆಯ ನಂತರ ಕೊಡುವುದಿಲ್ಲ. ಎಂಆರ್‌ಟಿಯ ಸನಾಮ್ ಚಾಯ್ ನಿಲ್ದಾಣದಿಂದ ನಡೆದೇ ಹೋಗಬಹುದು, ದೋಣಿಯಲ್ಲಾದರೆ ಥಾ ಚಾಂಗ್ ಕಟ್ಟೆಯಲ್ಲಿ ಇಳಿಯಬೇಕು. ದಾರಿಯಲ್ಲಿ ಚೊಕ್ಕ ಉಡುಪಿನ ಒಬ್ಬ ಸಜ್ಜನರು ಎದುರಾಗಿ, ‘ಇಂದು ಅರಮನೆಗೆ ರಜೆ, ವಿಶೇಷ ಪೂಜೆ ಇದೆ, ಇಪ್ಪತ್ತು ಬಾತಿಗೆ ಈ ಟುಕ್‌ಟುಕ್ ನಿಮ್ಮನ್ನು ಬೇರೆ ದೇಗುಲಗಳಿಗೆ ಕರೆದೊಯ್ಯುತ್ತದೆ’ ಎಂದರೆ ನಂಬಬೇಡಿ. ನನ್ನ ಮೊದಲ ಪ್ರವಾಸದಲ್ಲಿ ನಾನು ನಂಬಿದೆ. ಎರಡು ಸಣ್ಣ ಗುಡಿಗಳ ನಂತರ ಆ ಗಾಡಿ ನನ್ನನ್ನು ಒಂದು ರತ್ನದಂಗಡಿಗೂ ಒಂದು ದರ್ಜಿಯ ಅಂಗಡಿಗೂ ಒಯ್ದಿತು, ಅರ್ಧ ದಿನ ಮಣ್ಣುಪಾಲಾಯಿತು. ಅರಮನೆ ತೆರೆದಿದೆಯೋ ಇಲ್ಲವೋ ಎಂಬುದನ್ನು ಟಿಕೆಟ್ ಕಿಟಕಿಯಲ್ಲಿ ಮಾತ್ರ ತಿಳಿದುಕೊಳ್ಳಬೇಕು.

ಒಳಗೆ ಎಲ್ಲರೂ ನೇರವಾಗಿ ವಾತ್ ಫ್ರಾ ಕೇವ್ ಗುಡಿಯ ಪಚ್ಚೆ ಬುದ್ಧನ ಕಡೆಗೆ ಹೋಗುತ್ತಾರೆ (ವಾತ್ ಎಂದರೆ ದೇಗುಲ). ಹಸಿರು ಶಿಲೆಯಲ್ಲಿ ಕಡೆದ ಆ ಚಿಕ್ಕ ಮೂರ್ತಿಗೆ ಬೇಸಿಗೆ, ಮಳೆ, ಚಳಿ ಎಂಬ ಮೂರು ಕಾಲಗಳಿಗೆ ಮೂರು ಬಂಗಾರದ ಉಡುಪುಗಳಿದ್ದು, ವರ್ಷಕ್ಕೆ ಮೂರು ಸಲ ರಾಜನೇ ಅವನ್ನು ಬದಲಿಸುವ ಸಂಪ್ರದಾಯವಿದೆ. ಅದನ್ನು ನೋಡಿ ಜನ ಹೊರಗೆ ಹೋಗಿಬಿಡುತ್ತಾರೆ. ನೀವು ಹೋಗಬೇಡಿ. ಗುಡಿಯ ಸುತ್ತಲಿನ ಮೊಗಸಾಲೆಯ ಗೋಡೆಯ ಮೇಲೆ 178 ಅಂಕಣಗಳಲ್ಲಿ ರಾಮಕಥೆ ಹರಡಿದೆ. ಉತ್ತರದಿಂದ ಹೊರಟು ಪ್ರದಕ್ಷಿಣೆಯಂತೆ ನಡೆಯುತ್ತ ಹೋಗಬೇಕು. ಅವರು ಇದನ್ನು ರಾಮಕಿಯೆನ್, ಅಂದರೆ ರಾಮಕೀರ್ತಿ, ಎನ್ನುತ್ತಾರೆ. ಇಲ್ಲಿನ ರಾವಣ ತೊಸ್ಸಕನ್. ದಶಕಂಠ ಎಂಬುದು ಹಾಗೆ ಸವೆದಿದೆ. ಸೀತೆ ಆ ದಶಕಂಠನ ಮಗಳೇ. ಹನುಮಂತ ಬ್ರಹ್ಮಚಾರಿಯಲ್ಲ; ಸೇತುವೆ ಕಟ್ಟುವಾಗ ಕಲ್ಲುಗಳನ್ನು ಕದ್ದೊಯ್ಯುವ ಸುಪನ್ನಮಚ್ಚ ಎಂಬ ಮತ್ಸ್ಯಕನ್ಯೆಗೆ ಅವನು ಮನಸೋಲುತ್ತಾನೆ. ಒಂದು ಅಂಕಣದ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ಅಲ್ಲಿ ಬಿಳಿಯ ಹನುಮಂತ ಬೆಟ್ಟದಷ್ಟು ಬೆಳೆದು, ರಾಮನ ಶಿಬಿರವನ್ನೇ ಬಾಯೊಳಗಿಟ್ಟುಕೊಂಡು ಕಾಯುತ್ತಿದ್ದಾನೆ. ಕದಿಯಲು ಬರುವವನು ಮೈಯರಾಪ್, ನಮ್ಮ ಯಕ್ಷಗಾನದ ಮೈರಾವಣ. ನಮ್ಮ ಕಡೆ ಬಾಲದ ಕೋಟೆ ಕಟ್ಟಿ ಕಾಯುವ ಹನುಮಂತ ಅಲ್ಲಿ ಬಾಯನ್ನೇ ಕೋಟೆ ಮಾಡಿಕೊಂಡಿದ್ದಾನೆ. ಬಂಗಾರದ ಗೆರೆಯಲ್ಲಿ ಬರೆದ ಆ ಹಲ್ಲುಗಳ ಸಾಲಿನ ಹಿಂದೆ ಪುಟ್ಟ ಮಂಟಪ ಇಣುಕುತ್ತದೆ. ಮಕ್ಕಳಿದ್ದರೆ ಕಥೆ ಹೇಳುತ್ತ ನಡೆಸಿ, ಬಿಸಿಲಿನ ನೆನಪು ಅವರಿಗಾಗುವುದಿಲ್ಲ. ಮೊಗಸಾಲೆಗೆ ಸೂರು ಇರುವುದು ಇನ್ನೊಂದು ಅನುಕೂಲ.

ಅರಮನೆಯ ಟಿಕೆಟಿನೊಂದಿಗೇ ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರದಲ್ಲಿ ವಾರದ ದಿನಗಳಲ್ಲಿ ನಡೆಯುವ ಕಿರು ಖೋನ್ ಪ್ರದರ್ಶನ ನೋಡುವ ಅವಕಾಶ ಇರುತ್ತದೆ. ಅಂದಿನ ವೇಳೆಯನ್ನು ಕಿಟಕಿಯಲ್ಲೇ ಕೇಳಿಕೊಳ್ಳಿ. ಖೋನ್ ಎಂದರೆ ಮುಖವಾಡದ ರಾಮಕಥೆಯ ಕುಣಿತ, 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ. ಬಡಗಿನಲ್ಲೋ ತೆಂಕಿನಲ್ಲೋ ರಾತ್ರಿಯಿಡೀ ಆಟ ನೋಡಿದವರಿಗೆ ಅಲ್ಲಿನ ವಾನರರ ನಡೆ, ರಾಕ್ಷಸರ ನಿಲುವು ನೋಡುತ್ತ ಬೇರೆಯದೇ ಬಗೆಯ ಸಂತೋಷವಾಗುತ್ತದೆ.

ಅರಮನೆಯಿಂದ ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ವಾತ್ ಫೋ, ಟಿಕೆಟು 300 ಬಾತ್. 46 ಮೀಟರ್ ಉದ್ದದ ಮಲಗಿದ ಬುದ್ಧನ ಅಂಗಾಲುಗಳಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆಗಳನ್ನು ಬಿಡಿಸಿದ್ದಾರೆ. ಮೂರ್ತಿಯ ಬೆನ್ನ ಹಿಂದೆ ಗೋಡೆಯುದ್ದಕ್ಕೂ 108 ಕಂಚಿನ ಬಟ್ಟಲುಗಳಿದ್ದು, ಜನ ಒಂದೊಂದರಲ್ಲೂ ಒಂದೊಂದು ನಾಣ್ಯ ಹಾಕುತ್ತ ಸಾಗುತ್ತಾರೆ. ಆ ಟಿಣ್ ಟಿಣ್ ಸದ್ದು ನಿಲ್ಲದ ಮಳೆಯಂತೆ ಇಡೀ ಮಂದಿರವನ್ನು ತುಂಬಿರುತ್ತದೆ. ಥಾಯ್ ಮಾಲೀಶಿನ ಹಳೆಯ ಶಾಲೆ ಇರುವುದೂ ಇದೇ ಆವರಣದಲ್ಲಿ. ಈ ವಿದ್ಯೆಯ ಮೂಲಪುರುಷ ಬುದ್ಧನ ವೈದ್ಯನಾಗಿದ್ದ ಜೀವಕ ಎಂದು ಅವರು ನಂಬುತ್ತಾರೆ. ಬೆಳಗಿನಿಂದ ನಡೆದು ದಣಿದ ಕಾಲಿಗೆ ಒಂದು ಗಂಟೆಯ ಮಾಲೀಶು ಮಾಡಿಸಿಕೊಳ್ಳಲು ಇದಕ್ಕಿಂತ ಗೌರವದ ಜಾಗ ಊರಿನಲ್ಲಿಲ್ಲ. ಒತ್ತಡ ಹೆಚ್ಚೆನಿಸಿದರೆ ‘ಬಾವ್ ಬಾವ್’, ಮೆಲ್ಲಗೆ ಮೆಲ್ಲಗೆ, ಎನ್ನಿ.

ಅರುಣನ ಹೆಸರಿನ ವಾತ್ ಅರುಣ್ ನದಿಯ ಆಚೆ ದಡದಲ್ಲಿದೆ. ಥಾ ತಿಯೆನ್ ಕಟ್ಟೆಯಿಂದ ದಾಟುದೋಣಿಗೆ ಐದು ಬಾತ್. ಚೀನೀ ಪಿಂಗಾಣಿಯ ಚೂರುಗಳನ್ನೂ ಚಿಪ್ಪುಗಳನ್ನೂ ಮೆತ್ತಿ ಮಾಡಿದ ಅದರ ಗೋಪುರವನ್ನು ಹತ್ತಿರದಿಂದ ಬೆಳಿಗ್ಗೆ ನೋಡಬೇಕು, ದೂರದಿಂದ ಸಂಜೆ ನೋಡಬೇಕು. ಹೆಸರು ಅರುಣನದಾದರೂ ಈಚೆ ದಡದಲ್ಲಿ ನಿಂತವರಿಗೆ ಸೂರ್ಯ ಮುಳುಗುವುದು ಅದರ ಬೆನ್ನಿಗೇ.

ಇನ್ನುಳಿದ ಬೆಳಗುಗಳಿಗೆ ಇವನ್ನು ಹಂಚಿಕೊಳ್ಳಬಹುದು. ಮುನ್ನೂರಕ್ಕೂ ಹೆಚ್ಚು ಸುಲಭದ ಮೆಟ್ಟಿಲುಗಳಿರುವ ವಾತ್ ಸಾಕೇತ್‌ನ ಬಂಗಾರದ ಗುಡ್ಡದಿಂದ ಹಳೆಯ ಊರಿನ ಸೂರುಗಳು ಕಾಣುತ್ತವೆ. ಚೈನಾಟೌನ್ ಬಾಗಿಲಲ್ಲಿರುವ ವಾತ್ ತ್ರೈಮಿತ್‌ನಲ್ಲಿ ಐದೂವರೆ ಟನ್ ತೂಕದ ಬಂಗಾರದ ಬುದ್ಧನಿದ್ದಾನೆ. 1955ರಲ್ಲಿ ಸ್ಥಳಾಂತರಿಸುವಾಗ ಮೇಲಿನ ಗಾರೆ ಒಡೆಯುವವರೆಗೂ ಅದು ಗಾರೆಯ ಮೂರ್ತಿಯೆಂದೇ ಜನ ತಿಳಿದಿದ್ದರು. ವಾತ್ ಸುತಾತ್ ಎದುರಿನ ದೊಡ್ಡ ತೇಗದ ಉಯ್ಯಾಲೆಯ ಕಂಬಗಳ ಬಳಿ ಬ್ರಾಹ್ಮಣರ ದೇವಸ್ಥಾನವಿದೆ. 1935ರಲ್ಲಿ ನಿಂತುಹೋದ ಉಯ್ಯಾಲೆಯ ಉತ್ಸವದ ಆಚರಣೆಯಲ್ಲಿ ತಮಿಳಿನ ತಿರುವೆಂಬಾವೈ ಹಾಡುಗಳು ಉಳಿದುಬಂದಿದ್ದವು ಎಂಬುದನ್ನು ತಿಳಿದು ನೋಡಿದರೆ ಆ ಖಾಲಿ ಕಂಬಗಳೂ ಮಾತಾಡುತ್ತವೆ. ಶನಿವಾರ, ಭಾನುವಾರ ಚತುಚಕ್ ಸಂತೆ. ಅದನ್ನೂ ಹತ್ತು ಗಂಟೆಯ ಹೊತ್ತಿಗೇ ಮುಟ್ಟಿ, ಮಧ್ಯಾಹ್ನದೊಳಗೆ ಹೊರಬನ್ನಿ. ಬೇಕೆನಿಸಿದ ವಸ್ತುವನ್ನು ಕಂಡಲ್ಲೇ ಕೊಳ್ಳಿ. ಸಾವಿರಾರು ಮಳಿಗೆಗಳ ಆ ಚಕ್ರವ್ಯೂಹದಲ್ಲಿ ಅದೇ ಅಂಗಡಿ ಮತ್ತೆ ಸಿಗುವುದಿಲ್ಲ. ಬುದ್ಧನ ಮೂರ್ತಿಗಳನ್ನು ಮಾತ್ರ ಕೊಳ್ಳುವ ಮುನ್ನ ಯೋಚಿಸಿ, ಅವನ್ನು ದೇಶದಿಂದ ಹೊರಗೊಯ್ಯಲು ಪರವಾನಗಿ ಬೇಕು.

ಸಂಜೆ ಆರು ಗಂಟೆಗೆ ರೈಲು ನಿಲ್ದಾಣದಲ್ಲೋ ಉದ್ಯಾನದಲ್ಲೋ ಇದ್ದರೆ ಥಟ್ಟನೆ ಎಲ್ಲರೂ ನಿಂತುಬಿಡುವುದನ್ನು ನೋಡುತ್ತೀರಿ. ಅದು ರಾಷ್ಟ್ರಗೀತೆಯ ಹೊತ್ತು, ಬೆಳಿಗ್ಗೆ ಎಂಟಕ್ಕೂ ಹೀಗೆಯೇ. ನೀವೂ ನಿಲ್ಲಿ. ರಾಜಮನೆತನದ ಬಗ್ಗೆ ಹಗುರವಾದ ಮಾತು ಅಲ್ಲಿ ಹಲವು ವರ್ಷಗಳ ಜೈಲು ತರಬಲ್ಲ ಅಪರಾಧ. ತಮಾಷೆಗೂ ಬೇಡ, ಮೊಬೈಲಿನಲ್ಲಿ ಬರೆಯುವುದೂ ಬೇಡ.

ಊಟ

ನಮ್ಮಲ್ಲಿ ಅನೇಕರು ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪೊಟ್ಟಣಗಳನ್ನು ತುಂಬಿಕೊಂಡು ಹೋಗುತ್ತಾರೆ. ಹಿರಿಯರಿದ್ದರೆ ಅದು ತಪ್ಪಲ್ಲ. ಆದರೆ ಅದನ್ನೇ ನಾಲ್ಕು ದಿನ ತಿಂದು ಬರುವುದು ಬ್ಯಾಂಕಾಕಿಗೆ ಮಾಡುವ ಅನ್ಯಾಯ. ಸಸ್ಯಾಹಾರಿಗಳು ಅಲ್ಲಿ ಹೊಟ್ಟೆ ತುಂಬ ಉಣ್ಣಬಹುದು, ಎರಡು ಪದಗಳನ್ನು ಕಲಿತರೆ.

ಮೊದಲನೆಯದು ‘ಮಂಗ್ಸವಿರತ್’. ಬಿಡಿಸಿ ನೋಡಿದರೆ ಮಾಂಸವಿರತಿ; ಸಸ್ಯಾಹಾರ ಎಂದೇ ಅರ್ಥ, ಆದರೆ ಇದರಲ್ಲಿ ಮೊಟ್ಟೆ ಇರಬಹುದು. ಎರಡನೆಯದು ‘ಜೇ’. ಇದು ಚೀನೀ ಮೂಲದ ವ್ರತದ ಅಡುಗೆ: ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಡಿಯ ಮನೆಗಳವರಿಗೂ ಜೈನರಿಗೂ ಇದಕ್ಕಿಂತ ಅನುಕೂಲದ ಪದ ಇನ್ನೊಂದಿಲ್ಲ. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ಬರೆದ ಆ ಅಕ್ಷರ ನಮ್ಮ ಕಣ್ಣಿಗೆ ಇಂಗ್ಲಿಷ್ ಅಂಕಿಯ 17ರಂತೆ ಕಾಣುತ್ತದೆ. ಅದು ಹಾರುತ್ತಿರುವ ಅಂಗಡಿಗೆ ಧೈರ್ಯವಾಗಿ ನುಗ್ಗಿ. ಅಲ್ಲಿ ಕೋಳಿಯಂತೆಯೂ ಹಂದಿಯಂತೆಯೂ ಕಾಣುವ ತುಂಡುಗಳಿರುತ್ತವೆ, ಅವು ಸೋಯಾ ಅಥವಾ ಗೋಧಿಯಿಂದ ಮಾಡಿದವು, ಗಾಬರಿಯಾಗಬೇಡಿ. ಚಾಂದ್ರಮಾನದ ಒಂಬತ್ತನೆಯ ತಿಂಗಳಲ್ಲಿ, ಅಂದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ, ಒಂಬತ್ತು ದಿನಗಳ ಜೇ ಹಬ್ಬ ಬರುತ್ತದೆ. ಆಗ ಚೈನಾಟೌನಿನ ಬೀದಿಯುದ್ದಕ್ಕೂ ಆ ಹಳದಿ ಬಾವುಟಗಳೇ. ಮಳೆಯ ಭಯವಿದ್ದರೂ ಸಸ್ಯಾಹಾರಿಗಳಿಗೆ ಆ ವಾರವನ್ನೇ ಆರಿಸಿಕೊಳ್ಳಿರೆಂದು ನಾನು ಹೇಳುತ್ತೇನೆ.

‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಏನಾಗುತ್ತದೆಂಬುದನ್ನು ಬಾಂಗ್ಲಂಫು ಪೇಟೆಯ ಒಂದು ಗಾಡಿಯ ಮುಂದೆ ಕಂಡೆ. ಆಕೆ ತಲೆಯಾಡಿಸಿ, ಬಾಣಲೆಯನ್ನು ಶುಚಿಯಾಗಿ ತೊಳೆದು, ಬರೀ ಸೊಪ್ಪು, ತೋಫು, ಮೆಣಸಿನಕಾಯಿ ಹಾಕಿ ಬಾಡಿಸಿದಳು. ಕೊನೆಗೆ, ನಾವು ಒಗ್ಗರಣೆಗೆ ಇಂಗು ಉದುರಿಸುವಷ್ಟೇ ಸಹಜವಾಗಿ, ಕಂದು ಸೀಸೆಯೊಂದನ್ನು ಎತ್ತಿ ಎರಡು ಸಲ ಕೊಡವಿದಳು. ಅದು ನಾಮ್ ಪ್ಲಾ, ಮೀನಿನ ರಸ. ಆಕೆ ಮೋಸ ಮಾಡಲಿಲ್ಲ, ಅವಳ ಪಾಲಿಗೆ ಅದು ಉಪ್ಪು. ಹಾಗೆಯೇ ಹಸಿರು ಕರಿ, ಕೆಂಪು ಕರಿಗಳ ಮಸಾಲೆಯಲ್ಲಿ ಕಪಿ ಎಂಬ ಸಿಗಡಿಯ ಚಟ್ನಿ ಮೊದಲೇ ಅರೆದಿರುತ್ತದೆ, ಪಾಡ್ ಥಾಯ್ ಎಂಬ ಬಾಡಿಸಿದ ಅಕ್ಕಿ ಶಾವಿಗೆಯಲ್ಲೂ ಸೋಮ್ ತಾಮ್ ಎಂಬ ಹಸಿ ಪರಂಗಿಯ ಕೋಸಂಬರಿಯಲ್ಲೂ ಒಣಸಿಗಡಿ ಇರುತ್ತದೆ. ಆದ್ದರಿಂದ ‘ಕಿನ್ ಜೇ’, ಜೇ ತಿನ್ನುತ್ತೇನೆ, ಎನ್ನಿ. ‘ಮಾಯ್ ಸಾಯ್ ನಾಮ್ ಪ್ಲಾ’, ಮೀನಿನ ರಸ ಹಾಕಬೇಡಿ, ಎನ್ನಿ. ನಮ್ಮ ಉಚ್ಚಾರಣೆಯ ಏರಿಳಿತ ಅವರಿಗೆ ತಿಳಿಯದಿರಬಹುದು. ಹೋಟೆಲಿನ ಸಿಬ್ಬಂದಿಯಿಂದ ಥಾಯ್ ಲಿಪಿಯಲ್ಲಿ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸುವುದು ಎಲ್ಲಕ್ಕಿಂತ ನಂಬಿಕೆಯ ದಾರಿ.

ಮಾಂಸಾಹಾರಿಗಳಿಗೂ ಪದಗಳು ಬೇಕು. ಕಾಯ್ ಎಂದರೆ ಕೋಳಿ, ಮೂ ಎಂದರೆ ಹಂದಿ, ನುವಾ ಎಂದರೆ ದನ, ಕುಂಗ್ ಎಂದರೆ ಸಿಗಡಿ, ಪ್ಲಾ ಎಂದರೆ ಮೀನು. ಮಹಾಪ್ರಾಣದ ಖಾಯ್ ಮಾತ್ರ ಮೊಟ್ಟೆ. ಮೊದಲ ರಾತ್ರಿಯೇ ತೋಮ್ ಯಮ್ ಕುಂಗ್ ಕುಡಿಯಿರಿ. ಮಜ್ಜಿಗೆ ಹುಲ್ಲು, ಶುಂಠಿಯಂಥ ಗಲಾಂಗಲ್ ಬೇರು, ಕಾಗದಿ ನಿಂಬೆಯ ಜಾತಿಯ ಎಲೆ ಸೇರಿದ ಆ ಹುಳಿ-ಖಾರದ ಸಾರು ನಮ್ಮ ನಾಲಗೆಗೆ ಥಟ್ಟನೆ ಒಗ್ಗುತ್ತದೆ. ಖಾರ ಬೇಡವಾದರೆ ‘ಮಾಯ್ ಪೆಟ್’. ಆಂಧ್ರದ ಗಡಿಯ ಖಾರ ಉಂಡವರೂ ಸೋಮ್ ತಾಮ್ ಮುಂದೆ ಹುಷಾರಾಗಿರಬೇಕು. ಮಣ್ಣಿನ ಒರಳಿನಲ್ಲಿ ‘ಪೊಕ್ ಪೊಕ್’ ಎಂದು ಕುಟ್ಟುವ ಮುಂಚೆಯೇ ಎಷ್ಟು ಮೆಣಸಿನಕಾಯಿ ಎಂದು ಬೆರಳಿನಲ್ಲಿ ತೋರಿಸಿಬಿಡಿ.

ಖನೋಮ್ ಕ್ರೋಕ್ ಮಾಡುವ ಗಾಡಿ ಕಂಡರೆ ನಿಲ್ಲದೆ ಹೋಗಬೇಡಿ. ಕುಳಿಗಳಿರುವ ದುಂಡನೆಯ ಕಾವಲಿ, ನಮ್ಮ ಪಡ್ಡಿನ ಕಾವಲಿಯ ಅಕ್ಕ. ಮೊದಲು ಅಕ್ಕಿ ಹಿಟ್ಟಿನ ತೆಳು ಸಂಪಣ ಬೀಳುತ್ತದೆ, ಅದು ಅಂಚಿನಲ್ಲಿ ಗರಿಗರಿಯಾಗುವಾಗ ಮೇಲೆ ಸಿಹಿ-ಉಪ್ಪು ಬೆರೆತ ಗಟ್ಟಿ ತೆಂಗಿನಹಾಲು, ಅದರ ಮೇಲೆ ಒಂದೊಂದು ಕುಳಿಗೆ ಜೋಳದ ಕಾಳೋ ಈರುಳ್ಳಿ ಸೊಪ್ಪೋ. ಚಮಚದಿಂದ ಎಬ್ಬಿಸಿ ಎರಡೆರಡನ್ನು ಬಾಯಿಗೆ ಬಾಯಿ ಕೂಡಿಸಿ ಬಾಳೆಲೆಯ ದೊನ್ನೆಗೋ ಕಾಗದದ ತಟ್ಟೆಗೋ ಇಡುತ್ತಾರೆ. ಕೂಡಲೇ ಕಚ್ಚಿದರೆ ನಾಲಗೆ ಸುಡುತ್ತದೆ, ಆರಲು ಬಿಟ್ಟರೆ ರುಚಿ ಕೆಡುತ್ತದೆ. ಒಂದು ನಿಮಿಷ ಸಾಕು. ಮಾರ್ಚಿನಿಂದ ಮೇವರೆಗೆ ಮಾವಿನ ಹಣ್ಣಿನೊಂದಿಗೆ ಅಂಟಕ್ಕಿಯ ಅನ್ನ ಕೊಡುವ ಖಾವ್ ನಿಯೋ ಮಾಮುವಾಂಗ್ ಇನ್ನೊಂದು ತಪ್ಪಿಸಬಾರದ ತಿನಿಸು.

ರಾತ್ರಿ ಏಳರ ನಂತರ ವಾತ್ ಮಾಂಗ್‌ಕೊನ್ ನಿಲ್ದಾಣದಲ್ಲಿಳಿದು ಯಾವೊವರಾತ್ ಬೀದಿಗೆ ಹೋಗಿ. ಚೈನಾಟೌನಿನ ಊಟದ ಬೀದಿ ಅದು. ಸೋಮವಾರ ಬೀದಿ ಗಾಡಿಗಳು ಅನೇಕ ಇರುವುದಿಲ್ಲವಾದ್ದರಿಂದ ಬೇರೆ ದಿನ ಇಟ್ಟುಕೊಳ್ಳಿ. ಹೊಟ್ಟೆಯ ಬಗ್ಗೆ ಅಳುಕಿರುವವರು ಮಾಲ್‌ಗಳ ಫುಡ್‌ಕೋರ್ಟಿನಿಂದ ಆರಂಭಿಸಬಹುದು: ಆಸೋಕ್‌ನ ಟರ್ಮಿನಲ್ 21ರಲ್ಲಿ ಮೊದಲು ಕಾರ್ಡಿಗೆ ಹಣ ತುಂಬಿಸಿಕೊಂಡು, ಅಡುಗೆಯನ್ನು ಕಣ್ಣಾರೆ ನೋಡಿ, ಐವತ್ತು ಬಾತಿನ ಆಸುಪಾಸಿನಲ್ಲಿ ಒಂದು ತಟ್ಟೆ ತಿಂದು, ಉಳಿದ ಹಣ ಹಿಂದೆ ಪಡೆಯಬಹುದು. ಮನೆಯ ಊಟದ ಆಸೆಯಾದರೆ ಪಾಹುರಾತ್ ಪೇಟೆಯ ಸಿಖ್ ಗುರುದ್ವಾರದ ಸುತ್ತ ಉತ್ತರ ಭಾರತದ ಊಟವೂ, ಸೀಲೊಂನ ಮಾರಿಯಮ್ಮನ ಗುಡಿಯ ಸುತ್ತಮುತ್ತ ಇಡ್ಲಿ-ದೋಸೆಯೂ ಸಿಗುತ್ತದೆ. ನಲ್ಲಿಯ ನೀರು ಕುಡಿಯಬೇಡಿ.

ರಾತ್ರಿ

ಬ್ಯಾಂಕಾಕಿನ ರಾತ್ರಿ ಎಂದೊಡನೆ ನಮ್ಮಲ್ಲಿ ಕೆಲವರು ಕಣ್ಣು ಮಿಟುಕಿಸುತ್ತಾರೆ. ಆ ಊರಿನ ರಾತ್ರಿ ಅಷ್ಟು ಸಣ್ಣದಲ್ಲ. ಕತ್ತಲಾದ ಮೇಲೆ ಬಿಸಿಲು ಹೋಗಿ, ಗಾಳಿ ಆಡತೊಡಗಿ, ಅಜ್ಜಿಯರು ಮೊಮ್ಮಕ್ಕಳನ್ನು ಕರೆದುಕೊಂಡು ಬೀದಿಗೆ ಬರುವ ಊರು ಅದು.

ಮೊದಲ ಸಂಜೆ ಥಾ ತಿಯೆನ್ ಬಳಿ ನಿಂತು ವಾತ್ ಅರುಣ್‌ಗೆ ದೀಪ ಹತ್ತುವುದನ್ನು ನೋಡಿ. ಎರಡನೆಯ ಸಂಜೆ ರಾಚಪ್ರಸೊಂಗ್ ವೃತ್ತದ ಎರಾವನ್ ಗುಡಿಗೆ ಹೋಗಿ. 1956ರಲ್ಲಿ ಹೋಟೆಲೊಂದರ ಕಟ್ಟಡ ಏಳುವಾಗ ಎದುರಾದ ವಿಘ್ನಗಳ ಪರಿಹಾರಕ್ಕೆಂದು ಸ್ಥಾಪಿಸಿದ ನಾಲ್ಕು ಮುಖದ ಬ್ರಹ್ಮ ಅಲ್ಲಿದ್ದಾನೆ. ನಮ್ಮಲ್ಲಿ ಗುಡಿಯೇ ಅಪರೂಪವಾದ ಬ್ರಹ್ಮನಿಗೆ ಅಲ್ಲಿ ಮಾಲ್‌ಗಳ ನಡುವೆ ರಾತ್ರಿಯವರೆಗೂ ಚೆಂಡುಹೂವಿನ ಮಾಲೆ, ಊದುಬತ್ತಿ, ಹರಕೆಯ ಕುಣಿತ. ಗುದ್ದಾಟದ ಕ್ರೀಡೆ ಇಷ್ಟವಿದ್ದರೆ 1945ರಿಂದ ನಡೆಯುತ್ತಿರುವ ರಾಚದಮ್ನೋನ್ ಕ್ರೀಡಾಂಗಣದಲ್ಲಿ ಮುವಾಯ್ ಥಾಯ್ ನೋಡಿ. ಪಂದ್ಯಕ್ಕೆ ಮುಂಚೆ ಹೋರಾಟಗಾರರು ಗುರುವಂದನೆಯ ಕುಣಿತ ಮಾಡುವುದನ್ನು ತಪ್ಪಿಸಬೇಡಿ. ಸಂಗೀತ ಬೇಕಾದರೆ ವಿಜಯ ಸ್ಮಾರಕದ ಬಳಿಯ ಸ್ಯಾಕ್ಸೊಫೋನ್ ಪಬ್‌ನಲ್ಲಿ ಜಾಝ್ ಮತ್ತು ಬ್ಲೂಸ್ ಕೇಳಬಹುದು.

ಎತ್ತರದ ಕಟ್ಟಡಗಳ ನೆತ್ತಿಯ ಬಾರುಗಳು ಈ ಊರಿನ ಹೆಗ್ಗಳಿಕೆ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ ತಲುಪಿದರೆ ಹಗಲು, ಸಂಜೆ, ರಾತ್ರಿ 3 ಹೊತ್ತಿನ ಊರನ್ನೂ ಒಂದೇ ಪಾನೀಯದ ಬೆಲೆಯಲ್ಲಿ ನೋಡಬಹುದು. ಚಡ್ಡಿ, ಹವಾಯಿ ಚಪ್ಪಲಿಗೆ ಹಲವೆಡೆ ಪ್ರವೇಶವಿಲ್ಲ. ಬೆಲೆಪಟ್ಟಿಯಲ್ಲಿ ಅಂಕಿಯ ಪಕ್ಕ ಎರಡು ಕೂಡು ಚಿಹ್ನೆಗಳಿದ್ದರೆ ಅದರ ಮೇಲೆ ಶೇ. 10 ಸೇವಾಶುಲ್ಕ ಮತ್ತು ಶೇ. 7 ತೆರಿಗೆ ಬೀಳುತ್ತದೆಂದು ತಿಳಿಯಿರಿ. ಕುಡಿಯದವರು ಮಹಾನಖೋನ್ ಕಟ್ಟಡದ 314 ಮೀಟರ್ ಎತ್ತರದ ವೀಕ್ಷಣಾ ತಾಣಕ್ಕೆ ಟಿಕೆಟು ಕೊಂಡು ಹೋಗಬಹುದು. ಯುವಕರ ಗದ್ದಲಕ್ಕೆ ಖಾವ್ ಸಾನ್ ಬೀದಿ, ಸ್ವಲ್ಪ ಮೆದುವಾದ ಸಂಜೆಗೆ ಅದರ ಪಕ್ಕದ ರಾಂಬುತ್ರಿ, ಸ್ಥಳೀಯ ಯುವಜನರ ನಡುವೆ ಕೂರಲು ಥೋಂಗ್ಲೋರ್. ಮದ್ಯ ಕೊಳ್ಳಲು 20 ವರ್ಷ ತುಂಬಿರಬೇಕು. ಮಾರಾಟದ ಹೊತ್ತಿಗೂ ಕೆಲವು ಬೌದ್ಧ ಪರ್ವದಿನಗಳಿಗೂ ನಿರ್ಬಂಧಗಳಿವೆ. ಇ-ಸಿಗರೇಟು ಅಲ್ಲಿ ಕಾನೂನುಬಾಹಿರ. ಗಾಂಜಾ ಅಂಗಡಿಗಳ ಫಲಕ ಕಂಡು ಮೋಸಹೋಗಬೇಡಿ: 2025ರಿಂದ ಅದಕ್ಕೆ ವೈದ್ಯರ ಚೀಟಿ ಬೇಕು, ಮತ್ತು ಗಾಂಜಾವನ್ನು ಭಾರತಕ್ಕೆ ತಂದರೆ ಜೈಲು. ಯಾರೇ ಕೊಟ್ಟರೂ ಪರರ ಪೊಟ್ಟಣ ನಿಮ್ಮ ಚೀಲ ಸೇರದಿರಲಿ.

ಪಟ್‌ಪೊಂಗ್, ನಾನಾ, ಸೋಯ್ ಕೌಬಾಯ್ ಬೀದಿಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಥಾಯ್ಲೆಂಡಿನಲ್ಲಿ ವೇಶ್ಯಾವೃತ್ತಿ ಕಾನೂನಿನ ಪ್ರಕಾರ ಅಪರಾಧ, ಆದರೂ ಅದು ನಡೆಯುತ್ತಿರುವುದು ಎಲ್ಲರ ಕಣ್ಣೆದುರಿಗೇ. ಬೀದಿಯಲ್ಲಿ ಚಿತ್ರಪಟ ತೋರಿಸಿ ‘ಪ್ರವೇಶ ಉಚಿತ’ ಎಂದು ಮಹಡಿಗೆ ಕರೆದೊಯ್ಯುವವರ ಹಿಂದೆ ಹೋದವರು ಬಾಗಿಲು ಅಡ್ಡಗಟ್ಟಿದ ಆಳುಗಳ ನಡುವೆ ಸಾವಿರಾರು ಬಾತ್ ಕಕ್ಕಿ ಬಂದದ್ದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಅಲ್ಲಿ ದುಡಿಯುವ ಹೆಣ್ಣುಮಕ್ಕಳ ಫೋಟೋ ತೆಗೆಯುವುದು, ಗುಂಪಾಗಿ ನಿಂತು ನಗುವುದು, ಬೀದಿಯಲ್ಲಿ ಹೋಗುವ ಬೇರೆ ಹೆಂಗಸರನ್ನೂ ಅದೇ ಕಣ್ಣಿನಿಂದ ನೋಡುವುದು — ನಮ್ಮ ಕಡೆಯ ಗಂಡಸರ ಗುಂಪುಗಳಲ್ಲಿ ಇದನ್ನು ನೋಡಿ ನಾನು ತಲೆ ತಗ್ಗಿಸಿದ್ದೇನೆ. ಯಾವ ಬೀದಿಯಲ್ಲಾದರೂ ನಿಮ್ಮ ಲೋಟ ನಿಮ್ಮ ಕೈಯಲ್ಲೇ ಇರಲಿ, ಪಾಸ್‌ಪೋರ್ಟ್ ಕೋಣೆಯ ತಿಜೋರಿಯಲ್ಲಿರಲಿ, ಅದರ ನಕಲು ಜೇಬಿನಲ್ಲಿರಲಿ. ರೈಲುಗಳು ನಡುರಾತ್ರಿಯ ಹೊತ್ತಿಗೆ ನಿಲ್ಲುತ್ತವೆ. ಆಮೇಲೆ ಆ್ಯಪ್ ಮೂಲಕ ಕರೆದ ಕಾರೇ ಸರಿ. ತೊಂದರೆಯಾದರೆ 1155ಕ್ಕೆ ಕರೆ ಮಾಡಿ, ಅದು ಪ್ರವಾಸಿ ಪೊಲೀಸರ ಸಂಖ್ಯೆ.

ಹಿಂತಿರುಗುವ ದಿನ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಮುಂಚೆ ತಲುಪಿ, ವಲಸೆ ತಪಾಸಣೆ ಮುಗಿಸಿ, ಗೇಟಿನ ಕಡೆ ಓಡುವ ಮುನ್ನ ಹದಿನೈದು ನಿಮಿಷ ಉಳಿಸಿಕೊಳ್ಳಿ. ತಪಾಸಣೆಯ ಆಚೆ, ಅಂಗಡಿಗಳ ನಡುವೆ, ಸಮುದ್ರಮಥನದ ದೊಡ್ಡ ಶಿಲ್ಪವಿದೆ: ಕೆಳಗೆ ಕೂರ್ಮ, ಮೇಲೆ ಮಂದರ ಪರ್ವತ, ಅದರ ನೆತ್ತಿಯಲ್ಲಿ ವಿಷ್ಣು, ವಾಸುಕಿಯ ಒಂದು ತುದಿ ಹಿಡಿದ ದೇವತೆಗಳು, ಇನ್ನೊಂದು ತುದಿ ಹಿಡಿದ ಅಸುರರು. ಎಲ್ಲರೂ ಮುಂದಿನಿಂದ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಬದಿಗೆ ಬಂದು ಸಾಲಿನುದ್ದಕ್ಕೂ ನಡೆಯಿರಿ; ಅರಮನೆಯ ಗೋಡೆಯ ಮೇಲೆ ಮೊದಲ ದಿನ ಕಂಡ ಅದೇ ರಕ್ಕಸರ ಮುಖಗಳು, ಅದೇ ಹಸಿರು, ಅದೇ ಕೋರೆಹಲ್ಲು, ಹಗ್ಗವೆಳೆಯುತ್ತ ನಿಂತಿರುವುದನ್ನು ಗುರುತಿಸುತ್ತೀರಿ.